ಮಕ್ಕಳಿಗೆ ಹಣ್ಣು ಕೊಡುವ ಮುನ್ನ ತೊಳೆಯಬೇಕೆ?

ಸಂಜೆಯಾಯಿತೆಂದರೆ ಮಕ್ಕಳ ವಾರ್ಡಿಗೆ ನೆಂಟರಿಷ್ಟರು ಬರತೊಡಗುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಬಸ್ಸಿಳಿದು ಬರುವವರ ಕೈಯಲ್ಲಿ ಹಣ್ಣಿನ ಕವರೊಂದು ಇದ್ದೇ ಇರುತ್ತದೆ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಜನರ ಒಳ್ಳೆಯ ರೂಢಿ. ಬಂದವರು ಮಂಚದ ಅಂಚಿನಲ್ಲಿ ಕುಳಿತು, ಕವರು ಬಿಚ್ಚಿ, ಗೊಂಚಲಿನಿಂದ ನಾಲ್ಕು ದ್ರಾಕ್ಷಿ ಕಿತ್ತು ಮಗುವಿನ ಬಾಯಿಗೆ ಇಡುತ್ತಾರೆ. ಆ ಮಗು ಎರಡು ದಿನದ ಹಿಂದಷ್ಟೇ ವಾಂತಿಭೇದಿಯಿಂದ ಸೇರಿಕೊಂಡಿದ್ದು, ಕೈಯಲ್ಲಿ ಇನ್ನೂ ಡ್ರಿಪ್ಪಿನ ಸೂಜಿ ಇರುತ್ತದೆ. ತಾಯಿ ಮಾತ್ರ ನರ್ಸಮ್ಮನ ಮುಖ ನೋಡಿ ಮೆಲ್ಲಗೆ ಕೇಳುತ್ತಾಳೆ, “ತೊಳ್ದು ಕೊಡಬೇಕಿತ್ತಾ ಸಿಸ್ಟರ್?”

ತೊಳೆದೇ ಕೊಡಬೇಕು. ಸಿಪ್ಪೆ ಸುಲಿದು ತಿನ್ನುವ ಹಣ್ಣನ್ನೂ ತೊಳೆಯಬೇಕು. ಆದರೆ ಇಷ್ಟು ಹೇಳಿ ಸುಮ್ಮನಾದರೆ ಉತ್ತರ ಪೂರ್ತಿಯಾಗುವುದಿಲ್ಲ. ಯಾವ ನೀರಿನಲ್ಲಿ, ಹೇಗೆ, ಯಾವಾಗ ತೊಳೆಯಬೇಕೆಂಬುದು ತೊಳೆಯುವುದಕ್ಕಿಂತ ಮುಖ್ಯ. ಕೆಟ್ಟ ನೀರಿನಲ್ಲಿ ತೊಳೆದ ಹಣ್ಣು ತೊಳೆಯದ ಹಣ್ಣಿಗಿಂತ ಹೆಚ್ಚು ಅಪಾಯಕಾರಿ ಆಗಬಹುದು.

ಹಿಂದೆ ಯಾರು ತೊಳೆಯುತ್ತಿದ್ದರು?

ಈ ಮಾತು ಹೇಳಿದಾಗಲೆಲ್ಲ ಯಾರಾದರೂ ಒಬ್ಬ ಅಜ್ಜಿ ತಕರಾರು ತೆಗೆಯುವುದುಂಟು. “ಅಲ್ಲ ಡಾಕ್ಟ್ರೇ, ನಮ್ ಕಾಲ್ದಲ್ಲಿ ಯಾರು ತೊಳ್ದು ಕೊಡ್ತಿದ್ರು? ಮರ ಹತ್ತಿ ಸೀಬೆಕಾಯಿ ಕಿತ್ಕಂಡು ಲಂಗಕ್ಕೆ ಒರೆಸ್ಕಂಡು ತಿಂತಿದ್ವಿ. ನಮ್ಗೇನಾಯ್ತು?”

ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ಆಗ ಹಣ್ಣು ಹಿತ್ತಿಲಿನದು. ಅದಕ್ಕೆ ಔಷಧಿ ಹೊಡೆಯುವವರಿರಲಿಲ್ಲ. ಮರದಿಂದ ಬಾಯಿಗೆ ಬರುವ ನಡುವೆ ಮುಟ್ಟುತ್ತಿದ್ದುದು ಒಂದೇ ಕೈ. ಇಂದು ಕೊರಟಗೆರೆಯ ಸಂತೆಯಲ್ಲಿ ಕೊಳ್ಳುವ ಸೇಬು ಕಾಶ್ಮೀರದಲ್ಲೋ ಹಿಮಾಚಲದಲ್ಲೋ ಬೆಳೆದದ್ದು. ಕೀಳುವವರು, ಪೆಟ್ಟಿಗೆಗೆ ತುಂಬುವವರು, ಲಾರಿಯವರು, ಮಂಡಿಯವರು, ತಳ್ಳುಗಾಡಿಯವರು ಎಲ್ಲರ ಕೈ ದಾಟಿ, ಕಡೆಗೆ ಹಳೇ ಬಟ್ಟೆಯಲ್ಲಿ ಹೊಳಪು ಬರುವಂತೆ ಒರೆಸಿಕೊಂಡು ನಮ್ಮ ಕೈಗೆ ಬರುತ್ತದೆ. ಆ ಬಟ್ಟೆ ಯಾವುದೆಂದು ನಾವು ಕೇಳುವುದಿಲ್ಲ.

ಇನ್ನೊಂದು ವಿಷಯವನ್ನು ಅಜ್ಜಿ ಮರೆತಿರುತ್ತಾರೆ. “ನಮಗೇನಾಯ್ತು” ಎಂದು ಕೇಳಲು ಉಳಿದಿರುವವರು ಉಳಿದವರು ಮಾತ್ರ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2023ರ ಲೆಕ್ಕದಲ್ಲಿ ಅದು 25ಕ್ಕೆ ಇಳಿದಿದೆ. ಇದು ಹಣ್ಣು ತೊಳೆದದ್ದರಿಂದ ಆದದ್ದಲ್ಲ. ಲಸಿಕೆ, ಆಸ್ಪತ್ರೆ ಹೆರಿಗೆ, ಓಆರ್‌ಎಸ್, ಶೌಚಾಲಯ, ಶುದ್ಧ ನೀರು ಎಲ್ಲ ಸೇರಿ ಆದದ್ದು. ಆದರೆ ಆ ಕಾಲದ ಮಕ್ಕಳಿಗೂ ಬೇಧಿ, ಜಂತುಹುಳು, ಕಾಮಾಲೆ ಎಲ್ಲವೂ ಬರುತ್ತಿದ್ದವು. ಅದಕ್ಕೆ “ದೃಷ್ಟಿಯಾಯಿತು” “ಹಲ್ಲು ಬರುತ್ತಿದೆ” ಎಂದು ಹೆಸರಿಡುತ್ತಿದ್ದರು, ಅಷ್ಟೆ.

ಹಣ್ಣಿನ ಮೇಲೆ ಏನಿರುತ್ತದೆ?

ಕಣ್ಣಿಗೆ ಕಾಣುವ ಧೂಳು, ಮಣ್ಣು ದೊಡ್ಡ ಶತ್ರುವಲ್ಲ. ಮಣ್ಣಿನ ಜೊತೆ ಬರುವ ಮಲದ ಅಂಶವೇ ನಿಜವಾದ ಶತ್ರು. ಬಯಲಿಗೆ ಹೋದ ಜಾಗ, ತಿಪ್ಪೆ, ಚರಂಡಿ, ಅಲ್ಲಿಂದ ಎದ್ದ ನೊಣ, ಸೋಪು ಹಾಕಿ ತೊಳೆಯದ ಕೈ, ಇವುಗಳ ಮೂಲಕ ಬೇಧಿ ತರುವ ರೋಗಾಣುಗಳು, ವಿಷಮಶೀತ ಜ್ವರದ, ಅಂದರೆ ಟೈಫಾಯ್ಡಿನ ರೋಗಾಣುಗಳು, ಕಾಮಾಲೆ ತರುವ ಹೆಪಟೈಟಿಸ್ ‘ಎ’ ವೈರಸ್ಸು ಹಣ್ಣಿನ ಸಿಪ್ಪೆಗೆ ಅಂಟಿಕೊಳ್ಳುತ್ತವೆ. ಜಂತುಹುಳುವಿನ ಮೊಟ್ಟೆ ಬಹಳ ಅಂಟು. ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಸಾಯದೆ ಇರುತ್ತದೆ. ಬರೀ ನೀರಿನಲ್ಲಿ ಅದ್ದಿ ತೆಗೆದರೆ ಹೋಗುವುದಿಲ್ಲ, ಕೈಯಿಂದ ಉಜ್ಜಬೇಕು. ಪ್ರತಿ ವರ್ಷ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಅದು ಒಳಗೆ ಸೇರಿದ ಹುಳುವನ್ನು ಕೊಲ್ಲುತ್ತದೆ. ಮರುದಿನ ಮತ್ತೆ ಮೊಟ್ಟೆ ನುಂಗುವುದನ್ನು ತಡೆಯುವುದಿಲ್ಲ.

ದೊಡ್ಡವರ ಹೊಟ್ಟೆ ತಡೆದುಕೊಳ್ಳುವುದನ್ನು ಐದು ವರ್ಷದೊಳಗಿನ ಮಗುವಿನ ಹೊಟ್ಟೆ ತಡೆಯುವುದಿಲ್ಲ. ಹತ್ತು ಕಿಲೋ ತೂಕದ ಮಗು ನಾಲ್ಕು ಸಲ ನೀರಾಗಿ ಬೇಧಿ ಮಾಡಿದರೆ ಅದರ ಮೈಯಿಂದ ಹೋಗುವ ನೀರು, ಉಪ್ಪಿನ ಪಾಲು ದೊಡ್ಡವರಿಗಿಂತ ಬಹಳ ಹೆಚ್ಚು.

ನೀರೇ ಕೆಟ್ಟಿದ್ದರೆ

2024ರ ಜೂನ್ ತಿಂಗಳಿನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ನಡೆದದ್ದು ಈ ಭಾಗದವರಿಗೆ ನೆನಪಿದೆ. ಊರ ಜಾತ್ರೆ ಮುಗಿಯುತ್ತಿದ್ದಂತೆ ಮನೆ ಮನೆಯಲ್ಲೂ ವಾಂತಿಭೇದಿ ಕಾಣಿಸಿಕೊಂಡಿತು. ಹತ್ತಾರು ಜನ ಆಸ್ಪತ್ರೆ ಸೇರಿದರು. ಪುಟ್ಟ ಮಗುವೂ ಸೇರಿದಂತೆ ಕೆಲವರು ತೀರಿಕೊಂಡರು. ಕಲುಷಿತ ನೀರಿನ ಮೇಲೆ ಅನುಮಾನ ಹೋಯಿತು. ಅಂಥ ನೀರಿನಲ್ಲಿ ಹಣ್ಣು ತೊಳೆದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯಲು ಯೋಗ್ಯವಲ್ಲದ ನೀರು ಹಸಿಯಾಗಿ ತಿನ್ನುವ ಹಣ್ಣನ್ನು ತೊಳೆಯಲೂ ಯೋಗ್ಯವಲ್ಲ. ಈ ಒಂದು ಅಳತೆ ಇಟ್ಟುಕೊಂಡರೆ ಸಾಕು.

ನಲ್ಲಿಯಲ್ಲಿ ಕಲಕು ನೀರು ಬಂದಾಗ, ಮಳೆಗಾಲದ ಮೊದಲ ನೀರು ಬಂದಾಗ, ಊರಿನಲ್ಲಿ ಬೇಧಿ ಕಾಣಿಸಿಕೊಂಡಾಗ ಕುದಿಸಿ ಆರಿಸಿದ ನೀರಿನಲ್ಲೇ ತೊಳೆಯಿರಿ. ಆಶಾ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲೆ ಹೇಳಿರುವಷ್ಟು ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟರೂ ಆಗುತ್ತದೆ.

ಪಾವಗಡದ ತಾಯಂದಿರು ಬೇರೆಯದೇ ಪ್ರಶ್ನೆ ಕೇಳುತ್ತಾರೆ. “ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಐತೆ ಅಂತಾರೆ, ಅದ್ರಲ್ಲಿ ಹಣ್ಣು ತೊಳೀಬಹುದಾ?” ನ್ಯಾಯವಾದ ಪ್ರಶ್ನೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದಾಗ, ಅದರಲ್ಲಿ ಅಡುಗೆ ಮಾಡಿ ಉಂಡಾಗ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಬರುತ್ತದೆ, ಮುಂದೆ ಮೂಳೆಗೂ ತೊಂದರೆಯಾಗುತ್ತದೆ. ತೊಳೆದ ಹಣ್ಣಿನ ಮೇಲೆ ಉಳಿಯುವುದು ನಾಲ್ಕು ಹನಿ. ಅದರಿಂದ ಫ್ಲೋರೈಡಿನ ಕೆಡುಕು ಆಗುವುದಿಲ್ಲ. ಬೋರ್‌ವೆಲ್ ನೀರು ರೋಗಾಣುಗಳಿಲ್ಲದೆ ಚೊಕ್ಕಟವಾಗಿದ್ದರೆ ಧಾರಾಳವಾಗಿ ತೊಳೆಯಬಹುದು. ನಾಣ್ಯ ಹಾಕಿ ಘಟಕದಿಂದ ತಂದ ಕ್ಯಾನಿನ ನೀರನ್ನು ಕುಡಿಯಲು, ಅಡುಗೆಗೆ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಇವೆರಡನ್ನು ಒಂದೇ ಎಂದು ತಿಳಿದು ಕುದಿಸಿದ ಬೋರ್‌ವೆಲ್ ನೀರನ್ನೇ ಮಕ್ಕಳಿಗೆ ಕುಡಿಸುತ್ತಿರುವ ಮನೆಗಳಿವೆ.

ತೊಳೆಯುವ ಬಗೆ

ಮೊದಲು ತೊಳೆಯುವವರ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಆಮೇಲೆ ಹರಿಯುವ ನೀರಿನ ಕೆಳಗೆ ಹಣ್ಣನ್ನು ತಿರುಗಿಸುತ್ತಾ ಬೆರಳುಗಳಿಂದ ಚೆನ್ನಾಗಿ ಉಜ್ಜಬೇಕು. ತೊಟ್ಟಿನ ಗುಳಿಯಲ್ಲಿ, ಕೆಳತುದಿಯಲ್ಲಿ ಕೊಳೆ ಕೂರುತ್ತದೆ, ಅಲ್ಲಿ ಹೆಚ್ಚು ಗಮನ ಕೊಡಬೇಕು. ನಲ್ಲಿ ಇಲ್ಲದ ಮನೆಯಲ್ಲಿ ಒಬ್ಬರು ಚೊಂಬಿನಿಂದ ಸಣ್ಣಗೆ ಹುಯ್ಯುತ್ತಾ ಇನ್ನೊಬ್ಬರು ಉಜ್ಜಿದರೆ ಅದೇ ಹರಿಯುವ ನೀರು. ಒಂದು ಚೊಂಬಿನಲ್ಲಿ ನಾಲ್ಕೈದು ಸೀಬೆ ತೊಳೆಯಬಹುದು. ಕೆಳಗೆ ಪಾತ್ರೆ ಇಟ್ಟರೆ ಆ ನೀರು ಕರಿಬೇವಿನ ಗಿಡಕ್ಕಾಯಿತು. ಬರದ ಸೀಮೆಯಲ್ಲಿ ನೀರು ಹಾಳುಮಾಡಿ ಎಂದು ಯಾರೂ ಹೇಳುವುದಿಲ್ಲ.

ಮಾಡಬಾರದ್ದು ಬಕೆಟ್ಟಿನ ಪದ್ಧತಿ. ಒಂದು ಬಕೆಟ್ ನೀರಿಗೆ ಎರಡು ಕಿಲೋ ಹಣ್ಣು ಸುರಿದು, ಕೈಯಾಡಿಸಿ ಎತ್ತಿಟ್ಟರೆ ಒಂದು ಹಣ್ಣಿನ ಕೊಳೆಯನ್ನು ಎಲ್ಲಕ್ಕೂ ಹಂಚಿದಂತೆ. ದ್ರಾಕ್ಷಿಯನ್ನು ನೆನೆಹಾಕುವುದಾದರೆ ನೆನೆಹಾಕಿ, ಆದರೆ ಕೊನೆಗೆ ಜರಡಿಯಲ್ಲಿ ಹಾಕಿ ಹೊಸ ನೀರು ಹುಯ್ಯಲೇಬೇಕು.

ಸೋಪು, ಬಟ್ಟೆ ಸೋಪಿನ ಪುಡಿ, ಪಾತ್ರೆ ತಿಕ್ಕುವ ದ್ರಾವಣ ಹಣ್ಣಿಗೆ ಬೇಡವೇ ಬೇಡ. ಸಿಪ್ಪೆಯ ಸಣ್ಣ ರಂಧ್ರಗಳಲ್ಲಿ ಅದು ಉಳಿದು ಹೊಟ್ಟೆಗೆ ಹೋಗುತ್ತದೆ. ಅಂಗಡಿಯಲ್ಲಿ ಹಣ್ಣು ತೊಳೆಯಲೆಂದೇ ಮಾರುವ ಬಾಟಲಿಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಉಪ್ಪು, ಅರಿಶಿನದ ನೀರು ಹಾನಿಯೇನೂ ಮಾಡುವುದಿಲ್ಲ, ಆದರೆ ಉಜ್ಜುವ ಕೆಲಸ ಅವು ಮಾಡುವುದಿಲ್ಲ. ತೊಳೆದ ಮೇಲೆ ಮಡಿ ಬಟ್ಟೆಯಲ್ಲಿ ಒರೆಸಿ. ಸೆರಗು ಮಡಿ ಬಟ್ಟೆಯಲ್ಲ.

ತಿನ್ನುವ ಮುಂಚೆ ತೊಳೆಯಿರಿ. ತಂದ ಕೂಡಲೇ ತೊಳೆದು ಒದ್ದೆಯಾಗಿಯೇ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಒಂದೊಂದು ಹಣ್ಣಿಗೆ ಒಂದೊಂದು ಮಾತು

ಬಾಳೆಹಣ್ಣನ್ನು ಏಕೆ ತೊಳೆಯಬೇಕೆಂದು ಕೇಳುತ್ತಾರೆ. ಮಗು ಹಣ್ಣು ಸುಲಿಯಲು ಬಾರದೆ ತುದಿಯನ್ನು ಹಲ್ಲಿನಿಂದ ಕಚ್ಚುತ್ತದೆ. ಸಿಪ್ಪೆ ಹಿಡಿದ ಕೈಯಿಂದಲೇ ಒಳಗಿನ ತಿರುಳನ್ನೂ ಹಿಡಿಯುತ್ತದೆ. ಅದಕ್ಕೆ. ಕಿತ್ತಳೆ, ಮೂಸಂಬಿಯದೂ ಇದೇ ಕಥೆ. ದೇವರ ಮುಂದಿಡುವ ಹಣ್ಣನ್ನು ನಾವು ತೊಳೆಯದೆ ಇಡುವುದಿಲ್ಲ. ಮಗುವಿಗೆ ಕೊಡುವಾಗ ಮಾತ್ರ ಅವಸರ.

ಮಾವಿನಹಣ್ಣನ್ನು ತಿನ್ನುವ ಮುನ್ನ ನೀರಿನಲ್ಲಿ ಹಾಕಿಡುವುದು ಹಿರಿಯರ ಪದ್ಧತಿ. “ಉಷ್ಣ ಹೋಗುತ್ತದೆ” ಎನ್ನುತ್ತಾರೆ. ಉಷ್ಣದ ಮಾತು ಹಾಗಿರಲಿ, ತೊಟ್ಟಿನಿಂದ ಇಳಿದು ಸಿಪ್ಪೆಗೆ ಅಂಟಿದ ಸೊನೆ ಹೋಗುವುದು ನಿಜ. ಮಾವಿನ ಕಾಲದಲ್ಲಿ ಬಾಯಿಯ ಸುತ್ತ ಗುಳ್ಳೆಯೆದ್ದು, ತುಟಿ ಸುಟ್ಟಂತಾಗಿ ಬರುವ ಮಕ್ಕಳಲ್ಲಿ ಹಲವರಿಗೆ ಕಾರಣ ಈ ಸೊನೆಯೇ. ತೊಟ್ಟು ತೆಗೆದು, ಉಜ್ಜಿ ತೊಳೆದು, ಹೋಳು ಮಾಡಿ ಕೊಡಿ. ಬೇಗ ಹಣ್ಣಾಗಲೆಂದು ಕಾರ್ಬೈಡ್ ಇಡುವುದನ್ನು ಕಾನೂನು ನಿಷೇಧಿಸಿದೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುತ್ತದೆ. ಎಥಿಲೀನ್ ಅನಿಲದಿಂದ ಹಣ್ಣು ಮಾಡಲು ಮಾತ್ರ ಅನುಮತಿಯಿದೆ. ಹಣ್ಣಿನ ಮೇಲೆ ಬೂದಿಯಂಥ ಪುಡಿ ಕಂಡರೆ ಕೊಳ್ಳದಿರುವುದೇ ಮೇಲು.

ನೇರಳೆ ಹಣ್ಣಿನ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಕೊಂಬೆ ಅಲುಗಿಸಿ, ನೆಲಕ್ಕೆ ಬಿದ್ದದ್ದನ್ನು ಆಯ್ದು ತರುವ ಹಣ್ಣು ಅದು. ಸಿಪ್ಪೆ ತೆಳು, ಬಿದ್ದಾಗ ಒಡೆದಿರುತ್ತದೆ, ಒಡೆದ ಕಡೆ ಮಣ್ಣು ಮೆತ್ತಿರುತ್ತದೆ, ಸುಲಿಯದೆ ಇಡಿಯಾಗಿ ಬಾಯಿಗೆ ಹೋಗುತ್ತದೆ. ಒಡೆದದ್ದನ್ನು ಆರಿಸಿ ಎಸೆದು, ಉಳಿದದ್ದನ್ನು ಎರಡು ಮೂರು ನೀರಿನಲ್ಲಿ ತೊಳೆದು ಕೊಡಿ. ಎಲಚಿ ಹಣ್ಣಿಗೂ ಇದೇ ಮಾತು.

ಮಧುಗಿರಿ, ಪಾವಗಡದ ಗುಡ್ಡಗಳಿಂದ ಬುಟ್ಟಿಗಳಲ್ಲಿ ಬರುವ ಸೀತಾಫಲ ಹಣ್ಣಾದ ಮೇಲೆ ತೊಳೆಯಲು ಹೋದರೆ ಕೈಯಲ್ಲೇ ಬಿರಿಯುತ್ತದೆ. ಕಣ್ಣು ಬಿಟ್ಟ ಕಾಯಿ ಗಟ್ಟಿಯಿರುವಾಗಲೇ ತೊಳೆದು, ಸಂದುಗಳಲ್ಲಿರುವ ಬಿಳಿ ಹಿಟ್ಟಿನಂಥ ಹುಳುಗಳನ್ನು ಉಜ್ಜಿ ತೆಗೆದು, ಒಣಗಿಸಿ ಆಮೇಲೆ ಹಣ್ಣಿಗಿಡಿ. ಬೀಜ ತೆಗೆದು ಕೊಡಿ. ಸಪೋಟ, ನೇರಳೆಯ ಬೀಜಗಳನ್ನೂ ತೆಗೆಯಿರಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಐದು ವರ್ಷದೊಳಗಿನ ಮಗುವಿನ ಗಂಟಲಿಗೆ ಇಡೀ ದ್ರಾಕ್ಷಿ ಬಿರಡೆಯಂತೆ ಕೂರುತ್ತದೆ.

ಹಲಸಿನ ತೊಳೆಯನ್ನು ತೊಳೆಯಬೇಕಾಗಿಲ್ಲ! ಚೇಳೂರಿನದಾಗಲಿ ಹಿತ್ತಿಲಿನದಾಗಲಿ, ಹೊರಗಿನ ಕಾಯಿಯನ್ನು, ಕತ್ತಿಯನ್ನು, ಎಣ್ಣೆ ಹಚ್ಚುವ ಮುನ್ನ ಕೈಯನ್ನು ತೊಳೆದರೆ ಸಾಕು. ಬಿಡಿಸಿಟ್ಟ ತೊಳೆಯನ್ನು ನೊಣಕ್ಕೆ ಬಿಡಬೇಡಿ.

ಕಲ್ಲಂಗಡಿ, ಕರಬೂಜದ ಸಿಪ್ಪೆಯನ್ನು ತಿನ್ನುವುದಿಲ್ಲ, ಮತ್ತೇಕೆ ತೊಳೆಯಬೇಕು? ಚಾಕು ಸಿಪ್ಪೆಯಿಂದಲೇ ಒಳಗೆ ಇಳಿಯುತ್ತದೆ, ಸಿಪ್ಪೆಯ ಮೇಲಿನದನ್ನು ತಿರುಳಿಗೆ ಎಳೆದೊಯ್ಯುತ್ತದೆ. 2011ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಎಂಬ ರೋಗಾಣು ಹರಡಿ 33 ಜನ ಸತ್ತರು. ನೆಲದ ಮೇಲೆ ಬೆಳೆಯುವ, ಒರಟು ಸಿಪ್ಪೆಯ ಹಣ್ಣನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದೇ ಹೆಚ್ಚಬೇಕು. ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಹೆಚ್ಚಿಟ್ಟು ಮಾರುವ ಹೋಳುಗಳನ್ನು ಮಕ್ಕಳಿಗೆ ಕೊಡಿಸಬೇಡಿ. ಹೋಳನ್ನು ಮನೆಗೆ ತಂದು ತೊಳೆದರೂ ಪ್ರಯೋಜನವಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಹೆಚ್ಚಿದ ಹಣ್ಣು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದರೆ ಅದರೊಳಗೆ ರೋಗಾಣು ಬೆಳೆಯತೊಡಗುತ್ತದೆ. ಕಲ್ಲಂಗಡಿಗೆ ಬಣ್ಣದ ಸೂಜಿ ಚುಚ್ಚುತ್ತಾರೆಂಬ ಸುದ್ದಿಗೆ ಹೆದರಿ ಇಡೀ ಹಣ್ಣನ್ನು ಬಿಟ್ಟವರು, ನೊಣ ಮುತ್ತಿದ ಪಪ್ಪಾಯಿ ಹೋಳನ್ನು ತಿನ್ನುವುದು ನೋಡಿದರೆ ಏನು ಹೇಳಬೇಕೋ ತಿಳಿಯದು.

ಗಿಣಿ ಕಚ್ಚಿದ ಹಣ್ಣು ಸಿಹಿ ಎಂಬ ಮಾತಿದೆ. ಸಿಹಿಯಿರಬಹುದು, ಆದರೆ ಕಚ್ಚಿದ್ದು ಗಿಣಿಯೋ ಬಾವಲಿಯೋ ಯಾರು ಕಂಡರು? 2018ರಲ್ಲಿ ಪಕ್ಕದ ಕೇರಳದ ಕೋಳಿಕ್ಕೋಡ್ ಭಾಗದಲ್ಲಿ ನಿಪಾ ಜ್ವರ ಕಾಣಿಸಿಕೊಂಡು 17 ಜನ ತೀರಿಕೊಂಡರು. ಹಣ್ಣು ತಿನ್ನುವ ಬಾವಲಿಗಳ ಮೈಯಲ್ಲಿ ಆ ವೈರಸ್ಸು ಇರುತ್ತದೆ. ಹಕ್ಕಿ, ಬಾವಲಿ, ಅಳಿಲು ಕಚ್ಚಿದ ಹಣ್ಣನ್ನು ತೊಳೆದು, ಕಚ್ಚಿದಷ್ಟು ಕೊಯ್ದು ಕೊಡುವುದೂ ಬೇಡ. ಎಸೆದುಬಿಡಿ, ಎಸೆದ ಮೇಲೆ ಕೈ ತೊಳೆದುಕೊಳ್ಳಿ.

ಔಷಧಿ ಹೊಡೆದ ಹಣ್ಣು

ಈಗ ನಮ್ಮ ಬಯಲುಸೀಮೆಯ ಮಾತು. ಶಿರಾ, ಮಧುಗಿರಿ, ಪಾವಗಡಗಳಲ್ಲಿ ದಾಳಿಂಬೆ ತೋಟಗಳಿವೆ. ದುಂಡಾಣು ಅಂಗಮಾರಿ ರೋಗ ಬಂದರೆ ಬೆಳೆಯೇ ಹೋಗುತ್ತದೆಂದು ರೈತರು ಮೇಲಿಂದ ಮೇಲೆ ಔಷಧಿ ಹೊಡೆಯುತ್ತಾರೆ. ಅವರ ಕಷ್ಟ ಅವರಿಗೆ. ದಾಳಿಂಬೆಯ ದಪ್ಪ ಸಿಪ್ಪೆ ಒಳಗಿನ ಕಾಳನ್ನು ಬಹುಮಟ್ಟಿಗೆ ಕಾಯುತ್ತದೆ. ಆದರೆ ಸಿಪ್ಪೆ ಬಿಡಿಸಿದ ಕೈಯಲ್ಲೇ ಕಾಳು ತಿನ್ನಿಸುತ್ತೇವಲ್ಲ, ಆದ್ದರಿಂದ ಬಿಡಿಸುವ ಮೊದಲು ಹಣ್ಣನ್ನು, ಬಿಡಿಸಿದ ಮೇಲೆ ಕೈಯನ್ನು ತೊಳೆಯಬೇಕು. ದ್ರಾಕ್ಷಿಯ ಮೇಲಿನ ತೆಳು ಬೂದು ಪೊರೆ ಹಣ್ಣಿನದೇ ಮೇಣ, ಅದಕ್ಕೆ ಹೆದರಬೇಕಿಲ್ಲ. ತೊಟ್ಟಿನ ಹತ್ತಿರ ತಿಳಿನೀಲಿ ಕಲೆ ಕಂಡರೆ ಅದು ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣದ್ದಿರಬಹುದು.

ತೊಳೆದರೆ ಔಷಧಿಯೆಲ್ಲ ಹೋಗುತ್ತದೆಯೆ? ಮೇಲಿರುವುದು ಬಹಳಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿಗೆ ಎರಡು ಬಗೆಯ ಔಷಧಿ ಹಚ್ಚಿ ಪರೀಕ್ಷಿಸಿದರು. ಲೀಟರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಮೇಲಿದ್ದ ಔಷಧಿ ಹೋಯಿತು, ಸಿಪ್ಪೆಯೊಳಗೆ ಇಳಿದದ್ದು ಉಳಿಯಿತು. ಸೇಬು, ದ್ರಾಕ್ಷಿಗೆ ಹೀಗೆ ಮಾಡಿ, ಆಮೇಲೆ ಬೇರೆ ನೀರಿನಲ್ಲಿ ತೊಳೆಯಬಹುದು. ಎಲ್ಲ ಔಷಧಿಗೂ ಇದೇ ಮದ್ದೆಂದು ತಿಳಿಯಬೇಡಿ. ಈ ಭಯದಿಂದ ಮಗುವಿಗೆ ಹಣ್ಣನ್ನೇ ನಿಲ್ಲಿಸಿ ಬಿಸ್ಕತ್ತಿನ ಪೊಟ್ಟಣ ಕೊಡುವುದು ಇನ್ನೂ ತಪ್ಪು. ಔಷಧಿ ಹೊಡೆದು ಎಷ್ಟು ದಿನದ ಮೇಲೆ ಕೀಳಬೇಕೆಂದು ಡಬ್ಬದ ಮೇಲೆ ಬರೆದಿರುತ್ತದೆ. ತೋಟದ ಮನೆಯವರು ಅಷ್ಟು ದಿನ ಮಕ್ಕಳನ್ನು ಆ ಗಿಡಗಳ ಹತ್ತಿರ ಬಿಡದಿದ್ದರೆ ದೊಡ್ಡ ಉಪಕಾರ.

ಔಷಧಿಯ ಖಾಲಿ ಡಬ್ಬ, ಡ್ರಮ್ಮುಗಳನ್ನು ಎಷ್ಟು ತೊಳೆದರೂ ಮನೆ ಬಳಕೆಗೆ ತರಬೇಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಉಂಡು 23 ಮಕ್ಕಳು ಸತ್ತರು. ಊಟದಲ್ಲಿ ಸಿಕ್ಕಿದ್ದು ಮೋನೋಕ್ರೋಟೋಫಾಸ್, ಬೆಳೆಗೆ ಹೊಡೆಯುವ ಔಷಧಿ. ಕೀಟನಾಶಕದ ಡಬ್ಬದಲ್ಲಿಟ್ಟ ಅಡುಗೆ ಎಣ್ಣೆಯಿಂದ ಅದು ಬಂದಿತ್ತೆಂದು ಹೇಳಲಾಯಿತು. ಅಂಥ ಡ್ರಮ್ಮಿನಲ್ಲಿ ನೀರು ತುಂಬಿ ಅದರಲ್ಲೇ ಹಣ್ಣು ತೊಳೆಯುವುದನ್ನು ಕಂಡರೆ ದಯವಿಟ್ಟು ತಡೆಯಿರಿ.

ವಾರ್ಡಿನಲ್ಲಿರುವವರಿಗೆ

ಕವರನ್ನು ಮಂಚದ ಕೆಳಗೆ, ಚಪ್ಪಲಿಯ ಪಕ್ಕ ಇಡಬೇಡಿ. ಬಾಯಿ ಮುಕ್ಕಳಿಸುವ, ಮಗುವಿನ ಬಟ್ಟೆ ತೊಳೆಯುವ ನಲ್ಲಿಯಲ್ಲಿ ಹಣ್ಣು ತೊಳೆಯದೆ, ಕುಡಿಯುವ ನೀರನ್ನು ಪಾತ್ರೆಯಲ್ಲಿ ಹಿಡಿದು ತಂದು ತೊಳೆಯಿರಿ. ಹಣ್ಣು ಹೆಚ್ಚಲು ಮನೆಯಿಂದಲೇ ಒಂದು ಚಾಕು ತಂದಿಟ್ಟುಕೊಳ್ಳಿ. ಪಕ್ಕದ ಮಂಚದ ಮಗುವಿಗೆ ಹಣ್ಣು ಕೊಡುವ ಮೊದಲು ಅದರ ತಾಯಿಯನ್ನು ಕೇಳಿ. ಮೂತ್ರಪಿಂಡದ ಕಾಯಿಲೆಯ ಮಕ್ಕಳಿಗೆ ಬಾಳೆ, ಕಿತ್ತಳೆಯಂಥ ಹಣ್ಣು ಆಗದಿರಬಹುದು, ಕ್ಯಾನ್ಸರ್ ಔಷಧಿ ನಡೆಯುತ್ತಿರುವ ಮಕ್ಕಳಿಗೆ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಅಂಥವರಿಗೆ ವೈದ್ಯರು ಹೇಳಿದ ಹಣ್ಣನ್ನೇ ಕೊಡಬೇಕು. ಆರು ತಿಂಗಳು ತುಂಬದ ಕೂಸಿಗೆ ತೊಳೆದ ಹಣ್ಣೂ ಬೇಡ, ಹಣ್ಣಿನ ರಸವೂ ಬೇಡ, ಎದೆಹಾಲೇ ಸಾಕು.

ಇಷ್ಟೆಲ್ಲ ಮಾಡಿಯೂ ಮಗುವಿಗೆ ಬೇಧಿ ಹತ್ತಿದರೆ ಮೊದಲ ಗಂಟೆಯಿಂದಲೇ ಓಆರ್‌ಎಸ್ ಕುಡಿಸಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ಪು ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆಯ ಇಂಥ ನೀರನ್ನೇ ಕುಡಿಸಿ ಸಾವನ್ನು ನೂರಕ್ಕೆ 30ರಿಂದ 4ಕ್ಕೂ ಕೆಳಗೆ ಇಳಿಸಿದರು. ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಅರ್ಧ ಪೊಟ್ಟಣ ಅಂದಾಜಿನಲ್ಲಿ ಬೇಡ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎದೆಹಾಲು, ಊಟ ನಿಲ್ಲಿಸಬೇಡಿ. ವೈದ್ಯರು ಬರೆದುಕೊಟ್ಟ ಜಿಂಕ್ ಮಾತ್ರೆಯನ್ನು ಬೇಧಿ ನಿಂತರೂ 14 ದಿನ ಪೂರ್ತಿ ಕೊಡಿ. ಕಣ್ಣು ಗುಳಿಬಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಬೇಧಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಗು ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲೆಂದು ಕಾಯದೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಕರೆತನ್ನಿ. ತೋಟದ ಹಣ್ಣು ತಿಂದ ಮಗುವಿಗೆ ಬಾಯಲ್ಲಿ ಜೊಲ್ಲು, ಬೆವರು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ಕಂಡರೆ ಅದು ಬರೀ ಬೇಧಿಯಲ್ಲ, ಔಷಧಿಯ ವಿಷ. ವಾಂತಿ ಮಾಡಿಸಲು ಹೋಗಬೇಡಿ. ಬಟ್ಟೆ ಬದಲಿಸಿ, ಮೈ ತೊಳೆದು, ಹೊಡೆದ ಔಷಧಿಯ ಡಬ್ಬವನ್ನೂ ಜೊತೆಗೆ ತನ್ನಿ. ಅದರ ಮೇಲಿನ ಹೆಸರು ನೋಡಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.